ಟವೆಲ್ ಮನೆಯ ಸದ್ದಿಲ್ಲದ ಆಟ

ನಮ್ಮ ಮನೆಯ ಟಿವಿ ರಿಮೋಟಿನಲ್ಲಿ ಎಲ್ಲ ಗುಂಡಿಗಳೂ ನೆಟ್ಟಗಿವೆ. ಶಬ್ದ ಕಡಿಮೆ ಮಾಡುವ ಗುಂಡಿಯೊಂದು ಮಾತ್ರ ಸವೆದು, ಮೇಲಿದ್ದ ಗುರುತು ಅಳಿಸಿ, ಹುಣಸೆಬೀಜದ ಹಾಗೆ ನುಣ್ಣಗಾಗಿದೆ. ಸವೆಸಿದವನು ನಾನೇ. ಟಿವಿ ಹಾಕಿದ ಕೂಡಲೇ ನನ್ನ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಮೊದಲು ಶಬ್ದ ಇಳಿಸುವುದು, ಏನು ಬರುತ್ತಿದೆ ಅಂತ ನೋಡುವುದು ಆಮೇಲೆ. ಕ್ರಿಕೆಟ್ಟಾದರೂ ಅಷ್ಟೇ, ವಾರ್ತೆಯಾದರೂ ಅಷ್ಟೇ. "ಇವರು ಟಿವಿ ನೋಡಲ್ಲ, ಟಿವಿ ತುಟಿ ಓದ್ತಾರೆ" ಎಂದು ನನ್ನ ಹೆಂಡತಿ ಸುಮಾ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಾಳೆ. ನಗಲಿ ಬಿಡಿ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ದೊಡ್ಡವರೇ ಹೇಳಿದ್ದಾರೆ.

ಆದರೆ ನನ್ನದು ಹುಟ್ಟುಗುಣವಲ್ಲ, ಒಂದು ಟವೆಲಿನಿಂದ ಅಂಟಿದ್ದು. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ನಿಮಗೂ ಅಂಥ ಅವಸರವೇನಿಲ್ಲ ತಾನೆ?

ನಾನು ಬೆಳೆದದ್ದು ಪೀಣ್ಯದ ಹತ್ತಿರ, ಸರ್ಕಾರಿ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ. ಕೆಂಪು ನೆಲದ ಸಣ್ಣ ಸಣ್ಣ ಮನೆಗಳು, ಮುಂದೆ ಮೊಣಕಾಲೆತ್ತರದ ಗೇಟು, ಗೇಟಿನ ಪಕ್ಕ ಒಂದು ನುಗ್ಗೆ ಮರ ಇಲ್ಲವೇ ಒಂದು ಸೀಬೆ ಮರ. ಅಪ್ಪಂದಿರೆಲ್ಲ ಪಾಳಿಯ ಮೇಲೆ ಬದುಕುತ್ತಿದ್ದರು. ನೈಟ್ ಶಿಫ್ಟಿನ ವಾರ ಬಂತೆಂದರೆ ಊರೆಲ್ಲ ಎದ್ದು ಹಲ್ಲುಜ್ಜುವ ಹೊತ್ತಿಗೆ ಅವರು ಬಂದು, ಸ್ನಾನ ಮಾಡಿ, ತಿಂಡಿ ತಿಂದು ಮಲಗಬೇಕು. ಹಾಗೆ ಹಗಲಲ್ಲಿ ಮಲಗಿದವರಿರುವ ಮನೆಯ ಗೇಟಿಗೆ ಒಂದು ಟವೆಲ್ ಕಟ್ಟುವುದು ನಮ್ಮ ಕಾಲೊನಿಯ ಪದ್ಧತಿ. ಯಾವ ಪುಣ್ಯಾತ್ಗಿತ್ತಿ ಶುರು ಮಾಡಿದಳೋ ಗೊತ್ತಿಲ್ಲ. ಟವೆಲ್ ಕಂಡರೆ ಸೊಪ್ಪಿನವಳು ಕೂಗುವುದನ್ನು ಅರ್ಧಕ್ಕೆ ನುಂಗಿಕೊಳ್ಳುತ್ತಿದ್ದಳು. ಹಳೇ ಪೇಪರಿನವನು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಿದ್ದ. ಜಗಳಗಂಟಿಯೆಂದು ಹೆಸರಾಗಿದ್ದ ಹಿಂದಿನ ಬೀದಿಯ ರಂಗಮ್ಮನೂ ಟವೆಲ್ ಮನೆಯ ಮುಂದೆ ಬಂದಾಗ ಬೈಗುಳವನ್ನು ಕೈಬಾಯಿ ಸನ್ನೆಯಲ್ಲೇ ಮುಗಿಸುತ್ತಿದ್ದಳು.

ನಮ್ಮಪ್ಪ ಫೋರ್ಜ್ ಶಾಪಿನಲ್ಲಿದ್ದರು. ಕೆಂಪಗೆ ಕಾಯಿಸಿದ ಕಬ್ಬಿಣವನ್ನು ಮನೆಯೆತ್ತರದ ಯಂತ್ರದ ಸುತ್ತಿಗೆಯ ಕೆಳಗಿಟ್ಟು ಬಡಿಸುವ ಜಾಗ ಅದು. ಅಲ್ಲಿ ರಾತ್ರಿಯೆಲ್ಲ ಬೆಂದು ಬಂದ ಮನುಷ್ಯನ ನಿದ್ದೆ ಅಂದರೆ ನಮ್ಮಮ್ಮನಿಗೆ ದೇವರ ಮನೆಗಿಂತ ಹೆಚ್ಚು. ಟವೆಲ್ ಕಟ್ಟಿ ಒಳಗೆ ಬಂದಳೆಂದರೆ ಮನೆಗೆ ಬೇರೆಯೇ ಕಾನೂನು. ಬಾಗಿಲ ಚಿಲಕಕ್ಕೆ ಕೊಬ್ಬರಿ ಎಣ್ಣೆ. ಸ್ಟೀಲ್ ಲೋಟ ಇಡಬೇಕಾದರೆ ಮೊದಲು ಕಿರುಬೆರಳು ಊರಿ, ಆಮೇಲೆ ಲೋಟ. ಮಗ್ಗಿಯನ್ನು ತುಟಿಯಲ್ಲೇ ಹೇಳಬೇಕು. ನಾನೂ ಅಕ್ಕ ಗೀತಾನೂ ಜಗಳವಾಡುವುದಕ್ಕೆ ಅಡ್ಡಿಯಿರಲಿಲ್ಲ, ಚಿವುಟಿಸಿಕೊಂಡವರು ಅಳುವುದನ್ನು ಮಾತ್ರ ಹಿತ್ತಲಿಗೆ ಹೋಗಿ ಅಳಬೇಕು. ಬೀದಿಯಲ್ಲಿ ಕ್ರಿಕೆಟ್ ಆಡುವಾಗ ಔಟ್ ಕೇಳಬೇಕಾದರೆ ಎರಡೂ ಕೈ ಮೇಲೆತ್ತಿ, ಬಾಯಿ ಅಷ್ಟಗಲ ತೆರೆದು, ಒಂದು ಚೂರೂ ಶಬ್ದ ಹೊರಡಿಸದೆ ಕೇಳುತ್ತಿದ್ದೆವು. ಹೊಸದಾಗಿ ಬಂದ ಮನೆಯವರೊಬ್ಬರು ನಮ್ಮ ಆಟ ನೋಡಿ ಗಾಬರಿಯಾಗಿ, "ಪಾಪ, ಈ ಮಕ್ಳಿಗೆಲ್ಲಾ ಏನಾಗಿದೆ?" ಅಂತ ಅಮ್ಮನನ್ನು ಕೇಳಿದ್ದರು.

ಇಂಥ ಕಾಲೊನಿಯಲ್ಲಿ ನಾನು ಚಾಂಪಿಯನ್. ಹೇಳಿಕೊಳ್ಳಬಾರದು, ಆದರೂ ಹೇಳಿಕೊಳ್ಳುತ್ತೇನೆ. ಗೀತಕ್ಕ ನಡೆದರೆ ಭತ್ತ ಕುಟ್ಟಿದ ಹಾಗೆ. ಅಮ್ಮ ಎಷ್ಟು ಮೆತ್ತಗೆ ನಡೆದರೂ ಅವಳ ಕಾಲುಂಗುರ ಒಂದು ಮಾತು ಆಡುತ್ತಿತ್ತು. ನಾನು? ಹಿಮ್ಮಡಿ ನೆಲಕ್ಕೆ ತಾಕಿಸದೆ, ಅಂಗಾಲಿನ ಅಂಚನ್ನು ಮೊದಲು ಇಟ್ಟು, ಉಸಿರು ಬಿಗಿಹಿಡಿದು ಹೊರಟರೆ ಗಾಳಿಗೂ ಗೊತ್ತಾಗುತ್ತಿರಲಿಲ್ಲ. ಬ್ಯಾಟು ಇರುತ್ತಿದ್ದದ್ದು ಅಪ್ಪ ಮಲಗುವ ಕೋಣೆಯಲ್ಲಿ, ಬೀರುವಿನ ಹಿಂದೆ. ಅವರು ತಂಪಿಗೆಂದು ಕೆಂಪು ನೆಲದ ಮೇಲೆ ಚಾಪೆ ಹಾಸಿ ಮಲಗಿರುತ್ತಿದ್ದರು. ಅವರನ್ನು ದಾಟಿಕೊಂಡು ಹೋಗಿ ಬ್ಯಾಟು ತರುವ ಕೆಲಸ ಇಡೀ ಬೀದಿಯ ಪರವಾಗಿ ನನ್ನದು. ಎಷ್ಟೋ ಸಲ ನಾನು ಅರ್ಧ ದಾರಿಯಲ್ಲಿರುವಾಗ ಅಪ್ಪನ ಒಂದು ಕಣ್ಣು ತೆರೆದುಕೊಳ್ಳುತ್ತಿತ್ತು. ನಾನು ಎತ್ತಿದ ಕಾಲನ್ನು ಎತ್ತಿದ ಹಾಗೇ ಹಿಡಿದು ಗೋಡೆಯಂತೆ ನಿಂತುಬಿಡುತ್ತಿದ್ದೆ. ಕಣ್ಣು ನನ್ನನ್ನೇ ನೋಡುತ್ತಿತ್ತು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅಲುಗಾಡದಿದ್ದರೆ ದೊಡ್ಡವರಿಗೆ ಕಾಣಿಸುವುದಿಲ್ಲ ಎಂಬ ಮಹಾ ವಿದ್ಯೆಯನ್ನು ಕಂಡುಹಿಡಿದೆನೆಂದು ನಾನು ಗೀತಕ್ಕನ ಮುಂದೆ ಎದೆಯುಬ್ಬಿಸಿ ಹೇಳಿಕೊಂಡಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತಂತೆ ಅನ್ನುತ್ತಾರಲ್ಲ, ನನ್ನದು ಕಣ್ಣು ಬಿಟ್ಟುಕೊಂಡೇ ಕುಡಿದ ಲೆಕ್ಕ.

ಈಗ ನಾವಿರುವುದು ನಾಗಸಂದ್ರದ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ. ನನಗೆ ಪೀಣ್ಯದ ವಾಲ್ವ್ ತಯಾರಿಸುವ ಕಂಪನಿಯೊಂದರಲ್ಲಿ ಕ್ವಾಲಿಟಿ ವಿಭಾಗದ ಕೆಲಸ. ಸುಮಾ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮಗಳು ಚಿನ್ಮಯಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅಪ್ಪ ನಮ್ಮ ಜೊತೆಗಿದ್ದಾರೆ. ಅಮ್ಮ ಹೋಗಿ ಕೆಲವು ವರ್ಷಗಳಾದವು.

ಅಮ್ಮ ಇದ್ದಾಗ ಅಪ್ಪನ ಕಿವಿ ಮಂದವೆಂದು ನಮಗೆ ಅಷ್ಟಾಗಿ ಗೊತ್ತೇ ಆಗಿರಲಿಲ್ಲ. ಯಾರೇನು ಹೇಳಿದರೂ ಅವಳು ಪಕ್ಕದಲ್ಲಿ ಕೂತು ಅದನ್ನೇ ಇನ್ನೊಮ್ಮೆ, ಅಪ್ಪನ ಮುಖ ನೋಡಿಕೊಂಡು, ತುಟಿ ಬಿಡಿಸಿ ಹೇಳುತ್ತಿದ್ದಳು. ಅದು ಅವಳ ಮಾತಿನ ಚಾಳಿಯೆಂದು ನಾವು ಅಂದುಕೊಂಡಿದ್ದೆವು. ಅವಳು ಹೋದ ಮೇಲೆ ಅಪ್ಪ ಟಿವಿಯ ಶಬ್ದ ಏರಿಸತೊಡಗಿದರು. ಒಂದು ದಿನ ಕೆಳಗಿನ ಮನೆಯ ಮೇಡಂ ಇಂಟರ್‌ಕಾಮಿನಲ್ಲಿ ಫೋನ್ ಮಾಡಿ, "ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ ಸಾರ್, ಮಗೂಗೆ ಎಕ್ಸಾಮ್ ಇದೆ" ಎಂದರು. ತಪ್ಪೇನೂ ಹೇಳಲಿಲ್ಲ ಆಕೆ. ಆದರೆ ನಾನು ಎದ್ದು ರಿಮೋಟು ತೆಗೆದುಕೊಂಡು ಶಬ್ದ ಇಳಿಸಿದ್ದನ್ನು ಅಪ್ಪ ನೋಡಿದರು. ಮಾರನೇ ದಿನದಿಂದ ಹಾಲಿಗೆ ಬರುವುದನ್ನೇ ಬಿಟ್ಟರು. ಊಟ, ಪೇಪರು, ಕೋಣೆ, ಅಷ್ಟೇ. ಕರೆದರೆ, "ನೀವು ನೋಡ್ರಪ್ಪ, ನಂಗೆ ನಿದ್ದೆ ಬರುತ್ತೆ" ಎನ್ನುತ್ತಿದ್ದರು. ಕಿವಿಗೆ ಹಾಕುವ ಮೆಷಿನ್ ತಂದುಕೊಟ್ಟೆ. ಅದು ಡಬ್ಬಿಯಲ್ಲೇ ಮಲಗಿದೆ. "ಅದ್ ಹಾಕ್ಕೊಂಡ್ರೆ ತಟ್ಟೆ ಇಟ್ರೂ ಸುತ್ತಿಗೆ ಬಿದ್ದಂಗೆ ಆಗುತ್ತೆ ಕಣೋ. ಮತ್ತೆ ಯಾಕೆ ಶಾಪಿಗ್ ಕಳಿಸ್ತೀಯ ನನ್ನ?" ಅಂದರು. ಮನೆಯಲ್ಲಿ ನಾಲ್ಕು ಜನರಿದ್ದು ಮೂರು ಜನ ಮಾತ್ರ ನಗುವುದು ನನಗೆ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡ ಹಾಗಿರುತ್ತಿತ್ತು. ಅವರು ಹಾಲಿಗೆ ಬಂದು ನಮ್ಮ ಜೊತೆ ಕೂರಬೇಕು, ನನಗೆ ಬೇಕಾಗಿದ್ದದ್ದು ಅದೊಂದೇ.

ಆ ಸಮಯಕ್ಕೆ ಮನೆಗೆ ಬಂದದ್ದು ಈ ಆಟ. ಚಿನ್ಮಯಿ ಹಟ ಹಿಡಿದು ತರಿಸಿಕೊಂಡ, ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮು. ಹೆಸರು ನನ್ನ ಬಾಯಲ್ಲಿ ತಿರುಗುವುದಿಲ್ಲ, ನಮ್ಮ ಮನೆಯಲ್ಲಿ ಅದಕ್ಕೆ 'ಗಂಟೆ ಆಟ' ಅಂತಲೇ ಹೆಸರು. ಕಥೆ ಇಷ್ಟು: ಒಂದು ಊರಿನ ದೊಡ್ಡ ಗಂಟೆಯನ್ನು ಒಬ್ಬ ದುಷ್ಟ ದೊರೆ ಕದ್ದುಕೊಂಡು ಹೋಗಿ ಕೋಟೆಯೊಳಗೆ ಇಟ್ಟುಕೊಂಡಿದ್ದಾನೆ. ಊರಿನ ಹುಡುಗಿಯೊಬ್ಬಳು ಕೋಟೆಗೆ ನುಸುಳಿ ಅದನ್ನು ವಾಪಸ್ಸು ತರಬೇಕು. ಯುದ್ಧಗಿದ್ಧ ಮಾಡದೆ, ಕಾವಲುಗಾರರ ಕಣ್ಣಿಗೆ ಬೀಳದೆ, ಕಿವಿಗೆ ಬೀಳದೆ ನೆರಳಿನಲ್ಲಿ ಜಾರಿಕೊಂಡು ಹೋಗಬೇಕು. ಸೊಂಟದಲ್ಲಿ ಕತ್ತಿಯೇನೋ ಇದೆ, ಆದರೆ ಅದನ್ನು ತೆಗೆಯದಿದ್ದರೇ ಶಭಾಷ್. ಕೊನೆಯ ಹಂತದಲ್ಲಿ ಗಂಟೆಯನ್ನು ಬೆನ್ನಿಗೆ ಕಟ್ಟಿಕೊಂಡು, ಅದು ಒಮ್ಮೆಯೂ ಸದ್ದು ಮಾಡದ ಹಾಗೆ ಹೊರಗೆ ತರಬೇಕು. ಇದನ್ನು ಬಲ್ಲವರೆಲ್ಲ ಹೊಗಳಿದ್ದೇ ಹೊಗಳಿದ್ದಂತೆ. ಬರೆಯುವವರು, ಯೂಟ್ಯೂಬಿನಲ್ಲಿ ಮಾತಾಡುವವರು, ಎಲ್ಲರೂ ಇದನ್ನು ತಲೆಯ ಮೇಲೆ ಹೊತ್ತು ಕುಣಿದಿದ್ದಾರೆಂದು ಚಿನ್ಮಯಿ ಹೇಳಿದಳು.

ಲೋಕ ಒಪ್ಪಿದ ವಸ್ತುವನ್ನು ನಮ್ಮ ಮನೆ ಸುಲಭಕ್ಕೆ ಒಪ್ಪಿದ ಚರಿತ್ರೆ ಇಲ್ಲ. ಒಬ್ಬೊಬ್ಬರದು ಒಂದೊಂದು ಆಟವಾಯಿತು.

ಚಿನ್ಮಯಿಯದು ಮಡಿ ಆಟ. ದೂರದಲ್ಲಿರುವ ಕಾವಲುಗಾರನೊಬ್ಬ ಸುಮ್ಮನೆ ಕತ್ತು ತಿರುಗಿಸಿದರೂ ಸಾಕು, "ಅಯ್ಯೋ, ನೋಡ್ಬಿಟ್ಟ, ಮೈಲಿಗೆ ಆಯ್ತು" ಎನ್ನುವ ಹಾಗೆ ಮುಖ ಮಾಡಿ ಮೊದಲಿನಿಂದ ಶುರು ಮಾಡುತ್ತಾಳೆ. ಅವನು ನೋಡಲಿಲ್ಲ ಕಣೇ ಎಂದರೆ, "ನೋಡಿದ್ನೋ ಇಲ್ವೋ ಅಂತ ಡೌಟ್ ಬಂತಲ್ಲ ಅಪ್ಪಾ, ಆಮೇಲ್ ಆಡಿದ್ರೆ ಏನ್ ಮಜಾ?" ಎನ್ನುತ್ತಾಳೆ. ಒಂದು ಅಂಗಳ ದಾಟುವುದಕ್ಕೆ ಅವಳಿಗೆ ಒಂದು ಭಾನುವಾರ ಬೇಕು. ಇಷ್ಟು ಶಿಸ್ತನ್ನು ಪಠ್ಯಪುಸ್ತಕಕ್ಕೆ ಕೊಟ್ಟಿದ್ದರೆ ಎಂದು ಸುಮಾ ಗೊಣಗುವುದು ನನಗೂ ಕೇಳಿಸುತ್ತದೆ, ಅವಳಿಗೂ ಕೇಳಿಸುತ್ತದೆ.

ಸುಮಾ ಅದನ್ನು ಕೈಯಲ್ಲಿ ಹಿಡಿದದ್ದು ಮಗಳ ಕಾಟಕ್ಕೆ. ಕೋಟೆಯೊಳಗೆ ಹೋಗಿ ನಿಂತವಳೇ ಸುತ್ತ ನೋಡಿ, "ಇದೇನ್ ಇದು, ಯಾರೂ ಇಲ್ದಿರೋ ರೂಮಲ್ಲಿ ಇಷ್ಟೊಂದ್ ದೀಪ? ಎಣ್ಣೆ ಏನ್ ಬಿಟ್ಟಿ ಬರುತ್ತಾ ಇವರಿಗೆ?" ಎಂದು ಒಂದೊಂದೇ ದೀಪ ಆರಿಸಿಕೊಂಡು ಹೊರಟಳು. ತೆರೆದಿದ್ದ ಬಾಗಿಲುಗಳನ್ನೆಲ್ಲ ಮುಚ್ಚಿದಳು. ಒಂದು ಕಡೆ ಉರುಳಿದ್ದ ಬುಟ್ಟಿಯನ್ನು ನೆಟ್ಟಗೆ ಇಡುವುದಕ್ಕೆ ಯಾವ ಗುಂಡಿ ಅಂತ ಬೇರೆ ಕೇಳಿದಳು. ಕತ್ತಲಲ್ಲಿ ಕಾವಲುಗಾರರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರೇ ಹೊರತು ಇವಳನ್ನು ಕಾಣಲಿಲ್ಲ. ಹಂತದ ಕೊನೆಗೆ ಆಟವೇ ಅವಳಿಗೆ ಅತಿ ದೊಡ್ಡ ಬಿರುದು ಕೊಟ್ಟಿತು. ಭಾನುವಾರಗಟ್ಟಲೆ ತಪಸ್ಸು ಮಾಡಿಯೂ ಆ ಬಿರುದು ಸಿಕ್ಕದಿದ್ದ ಚಿನ್ಮಯಿಯ ಮುಖ ಸಪ್ಪೆಯಾಯಿತು. "ಇಷ್ಟೇನಾ? ನಾನ್ ದಿನಾ ನಿಮ್ಮಿಬ್ರ ಹಿಂದೆ ಮಾಡೋದು ಇದೇ ಅಲ್ವಾ" ಎಂದು ಸುಮಾ ಎದ್ದು ಒಗ್ಗರಣೆ ಹಾಕಲು ಹೋದಳು.

ನನ್ನ ಸಹೋದ್ಯೋಗಿ ಇಮ್ತಿಯಾಜ್ ಇದ್ದಾನೆ, ನಮ್ಮ ಕಂಪನಿಯ ಪರ್ಚೇಸ್ ವಿಭಾಗದವನು. ಅವನೂ ಹೊಗಳಿಕೆ ಕೇಳಿ ಅದೇ ಆಟ ಕೊಂಡಿದ್ದ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟದ ಡಬ್ಬಿ ಬಿಚ್ಚುತ್ತ ನನ್ನ ಮೇಲೆ ಹರಿಹಾಯ್ದ, ನಾನೇ ಅದನ್ನು ತಯಾರಿಸಿದವನ ಹಾಗೆ. "ಏನ್ ಗುರು ಇದು! ಅಷ್ಟುದ್ದ ಕತ್ತಿ ಕೊಟ್ಟವ್ರೆ, ಮುಟ್ಬೇಡ ಅಂತಾರೆ. ಮದ್ವೆ ಮನೇಲಿ ಎಲೆ ಹಾಕಿ, ವಾಸ್ನೆ ನೋಡ್ಕೊಂಡು ಎದ್ದೇಳಿ ಅಂದಂಗಾಯ್ತು. ನಾನ್ ಬಿಡ್ಲಿಲ್ಲ. ಒಳಗ್ ಹೋದೆ, ಎದುರಿಗ್ ಬಂದೋರ್‌ನೆಲ್ಲಾ ಬಾರಿಸ್ದೆ. ಮಲಗಿದ್ದೋರ್‌ನೂ ಎಬ್ಬಿಸಿ ಬಾರಿಸ್ದೆ. ಮುಗೀತು. ಸಕ್ಕತ್ ಬೋರು." ದುಡುಕಿ ನುಗ್ಗಿದವನಿಗೆ ಕೋಟೆ ಕೊನೆಯಲ್ಲಿ ಏನನ್ನೂ ಕೊಡಲಿಲ್ಲವಂತೆ, ಗಂಟೆ ಒಡೆದುಹೋಯಿತಂತೆ. ಅದೇ ಅವನ ಸಂಕಟ.

ಇನ್ನು ನಾನು. ಇವರೆಲ್ಲರ ಆಟ ನೋಡಿ ಒಳಗೊಳಗೇ ನಗುತ್ತಿದ್ದೆ. ಎಳಸುಗಳು! ಟವೆಲ್ ಮನೆಯಲ್ಲಿ ತಯಾರಾದ ಕಾಲು ನನ್ನದು. ಒಂದು ಭಾನುವಾರ ಮಧ್ಯಾಹ್ನ, ಊಟವಾಗಿ ಅಪ್ಪ ಕೋಣೆಯಲ್ಲಿ ಅಡ್ಡಾಗಿದ್ದಾಗ, "ಇಲ್ ಕೊಡು, ಹೇಗೆ ಆಡ್ಬೇಕು ಅಂತ ತೋರಿಸ್ತೀನಿ" ಎಂದು ಮಗಳ ಕೈಯಿಂದ ಇಸಿದುಕೊಂಡೆ.

ಮೊದಲ ಕಂಬದ ಹತ್ತಿರವೇ ಸಿಕ್ಕಿಬಿದ್ದೆ. ಇರಲಿ, ಕೈ ಪಳಗಿಲ್ಲ. ಮತ್ತೆ ಹೊರಟೆ, ಮತ್ತೆ ಸಿಕ್ಕಿಬಿದ್ದೆ. ಹಿಂದಿನಿಂದ ಬಂದು ಹಿಡಿಯುತ್ತಾನೆ, ಬಾಗಿಲಾಚೆಯಿಂದ ಬಂದು ಹಿಡಿಯುತ್ತಾನೆ. ಕಾವಲುಗಾರ ಎಲ್ಲಿಂದ ಉದುರುತ್ತಾನೆಂದೇ ತಿಳಿಯುತ್ತಿರಲಿಲ್ಲ. ಎರಡು ವಾರ ಹೀಗೇ ನಡೆಯಿತು. ನನಗೆ ರೇಗಿಹೋಯಿತು. "ಇದನ್ನ ಹೊಗಳಿರೋರಿಗೆ ಬುದ್ಧಿ ಇಲ್ಲ! ಮನುಷ್ಯ ಬರೋ ಮುಂಚೆ ಒಂದು ಸುಳಿವಾದ್ರೂ ಕೊಡ್ಬೇಕೋ ಬೇಡ್ವೋ? ಇದು ಆಟ ಅಲ್ಲ, ಮೋಸ" ಎಂದು ಕೂಗಾಡಿದೆ. ಕೂಗಾಡಿದೆ ಎಂದರೆ, ಪಿಸುಮಾತಿನಲ್ಲಿ ಕೂಗಾಡಿದೆ. ಅಪ್ಪ ಮಲಗಿದ್ದರಲ್ಲ.

ಚಿನ್ಮಯಿ ಅನುಮಾನದಿಂದ ಪರದೆಯ ಮೂಲೆ ನೋಡಿದಳು. ಆಮೇಲೆ ಸೋಫಾದ ಮೇಲೆ ಬಿದ್ದು ಹೊರಳಾಡಿ ನಗತೊಡಗಿದಳು. "ಅಮ್ಮಾ, ಬಾರಮ್ಮಾ ಇಲ್ಲಿ! ಅಪ್ಪ ಇಷ್ಟ್ ದಿನಾನೂ ವಾಲ್ಯೂಮ್ ಝೀರೋ ಇಟ್ಕೊಂಡ್ ಆಡಿದಾರೆ!"

ಆ ಆಟದ ಪ್ರಾಣವೇ ಸದ್ದಂತೆ. ಕಾವಲುಗಾರನ ಬೂಟಿನ ಸದ್ದು, ಬೀಗದ ಕೈ ಗೊಂಚಲಿನ ಸದ್ದು, ಅವನ ಕೆಮ್ಮು, ಗೊರಕೆ, ಇವನ್ನು ಕೇಳಿಕೊಂಡೇ ದಾರಿ ಹುಡುಕಬೇಕಂತೆ. ಹೊಗಳಿದವರೆಲ್ಲ ಹೊಗಳಿದ್ದು ಅದನ್ನೇ ಅಂತೆ. ನಾನೋ, ಕೂತ ಕೂಡಲೇ ಹೆಬ್ಬೆರಳಿಗೆ ಅಭ್ಯಾಸವಾದ ಕೆಲಸ ಮಾಡಿ ಮುಗಿಸಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದ ಕಥೆ ಬೇರೆ, ನಾನು ತಾಳಮೇಳದವರನ್ನು ಮನೆಗೆ ಕಳಿಸಿ ಕುಣಿಯಲು ನಿಂತವನು.

"ಸೌಂಡ್ ಜಾಸ್ತಿ ಮಾಡಿ ಆಡಪ್ಪಾ" ಎಂದಳು ಚಿನ್ಮಯಿ.

"ತಾತ ಮಲಗಿದಾರಲ್ಲೇ."

"ತಾತಂಗೆ ಕೇಳಿಸಲ್ವಲ್ಲಪ್ಪಾ!"

ಅದು ನನಗೂ ಗೊತ್ತು. ಆದರೂ ಹೆಬ್ಬೆರಳು ಒಪ್ಪಲಿಲ್ಲ. ಕೋಣೆಯ ಬಾಗಿಲು ಮುಚ್ಚಿಕೊಂಡಿದೆ, ಅದರೊಳಗೆ ಅಪ್ಪ ಮಲಗಿದ್ದಾರೆ, ನಾನು ಶಬ್ದ ಏರಿಸುವುದು ಹೇಗೆ? ಅಮ್ಮ ಎಲ್ಲಿಂದಲೋ ಬಂದು ಕಣ್ಣು ಬಿಟ್ಟಂತಾಯಿತು. ಮಗಳು ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಏನೋ ಹುಡುಕಿ, ಏನೋ ಒತ್ತಿ, "ತಗೋ. ಕಿವಿ ಕೇಳಿಸದೇ ಇರೋರಿಗೆ ಅಂತಾನೇ ಇದನ್ನ ಇಟ್ಟಿದಾರೆ" ಎಂದಳು.

ಈಗ ಸದ್ದೆಲ್ಲ ಪರದೆಯ ಮೇಲೆ ಉಂಗುರಗಳಾಗಿ ಕಾಣಿಸತೊಡಗಿತು. ಕೆರೆಗೆ ಕಲ್ಲು ಹಾಕಿದಾಗ ಏಳುತ್ತವಲ್ಲ, ಹಾಗೆ. ಗೋಡೆಯಾಚೆ ಯಾರೋ ನಡೆದರೆ ಸಣ್ಣ ಸಣ್ಣ ಉಂಗುರ. ಬಾಗಿಲು ಹಾಕಿದರೆ ದೊಡ್ಡ ಉಂಗುರ. ಗೊರಕೆಗೆ ಮೆಲ್ಲನೆ ಹಿಗ್ಗಿ ಕುಗ್ಗುವ ನೀಲಿ ಉಂಗುರ. ನಾನು ಬಾಯಿ ಬಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದೆ.

ನೀರು ಕುಡಿಯಲು ಎದ್ದುಬಂದ ಅಪ್ಪ ನಮ್ಮ ಹಿಂದೆ ನಿಂತದ್ದು ನಮಗೆ ಗೊತ್ತಾಗಲಿಲ್ಲ. ಅವರ ಕೈ ಬಂದು ನನ್ನ ಭುಜದ ಮೇಲೆ ಬಿದ್ದಾಗಲೇ ಗೊತ್ತಾದದ್ದು. "ತಡಿ" ಎಂದರು. ಅವರ ಇನ್ನೊಂದು ಕೈ ಮುಷ್ಟಿ ಕಟ್ಟಿ ಮೇಲೆ ನಿಂತಿತ್ತು. ನಾನು ನಿಲ್ಲಿಸಿದೆ. ಮೂಲೆಯಿಂದ ಉಂಗುರಗಳು ಹತ್ತಿರ ಬಂದವು, ಕಾವಲುಗಾರನೊಬ್ಬ ಹಾದು ಹೋದ. ಅಪ್ಪ ಅಂಗೈಯನ್ನು ನೆಲದ ಕಡೆಗೆ ಮೆಲ್ಲಗೆ ಆಡಿಸಿದರು. ನಿಧಾನ ಎಂದು ಅದರರ್ಥ. ಫೋರ್ಜ್ ಶಾಪಿನ ಸನ್ನೆ. ಆ ಸುತ್ತಿಗೆಯ ಕೆಳಗೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ಅಲ್ಲಿನವರು ಕೈಯಲ್ಲೇ ಮಾತಾಡುತ್ತಾರೆ. ಮುಷ್ಟಿ ಎಂದರೆ ನಿಲ್ಲು, ಅಂಗೈ ಕೆಳಗೆಂದರೆ ನಿಧಾನ, ಬೆರಳು ಮಡಿಸಿದರೆ ಬಾ. ಚಿಕ್ಕಂದಿನಲ್ಲಿ ಊಟದ ತಟ್ಟೆಯ ಮುಂದೆ ಅಪ್ಪ ಹೀಗೇ ಸಾರು ಸಾಕು, ಅನ್ನ ಹಾಕು ಎಂದು ಹೇಳುತ್ತಿದ್ದದ್ದು ನೆನಪಾಯಿತು.

ಆ ಮಧ್ಯಾಹ್ನ ಅಪ್ಪ ಕೋಣೆಗೆ ವಾಪಸ್ಸು ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಟಿವಿಯ ಎದುರಿಗೇ ಕೂತರು. ಸುಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಾಯಿಗೆ ಸೆರಗು ಹಿಡಿದು, ನನ್ನನ್ನು ನೋಡಿದಳು. ನಾನು ಅವಳನ್ನು ನೋಡಲಿಲ್ಲ. ನೋಡಿದ್ದರೆ ಇಬ್ಬರ ಮಾನವೂ ಹೋಗುತ್ತಿತ್ತು.

ಆಮೇಲಿನ ಭಾನುವಾರಗಳನ್ನು ಏನು ಹೇಳಲಿ! ಊಟವಾದ ಮೇಲೆ ಕೈ ತೊಳೆದುಕೊಂಡು ನಮಗಿಂತ ಮುಂಚೆ ಅಪ್ಪನೇ ಹಾಜರ್. ಚಿನ್ಮಯಿ ಸನ್ನೆಗಳನ್ನೆಲ್ಲ ಕಲಿತಳು. ಅಪ್ಪನದೂ ಒಂದು ತಕರಾರು ಇತ್ತು, ಅದು ಬೇರೆ ಯಾರಿಗೂ ಹೊಳೆಯದ ತಕರಾರು. ಒಮ್ಮೆ ನಾನು ಬೆಂಚಿನ ಮೇಲೆ ಮಲಗಿದ್ದ ಕಾವಲುಗಾರನ ತಲೆಗೆ ಒಂದು ಕೊಟ್ಟು ಮುಂದೆ ಹೋಗಲು ನೋಡಿದೆ. ಅಪ್ಪನಿಗೆ ಸಿಟ್ಟು ಬಂತು. "ಥೂ, ಮಲಗಿರೋನ್ನ ಹೊಡೀತೀಯೇನೋ! ಪಾಪ, ನೈಟ್ ಶಿಫ್ಟು. ಪಕ್ಕದಲ್ಲಿ ಹೋಗು." ಹೋದೆ. ಅಂದಿನಿಂದ ನಮ್ಮ ಮನೆಯ ಆಟದಲ್ಲಿ ಮಲಗಿದವರಿಗೆ ಅಭಯ. ಈ ಮಾತನ್ನು ಕ್ಯಾಂಟೀನಿನಲ್ಲಿ ಹೇಳಿದಾಗ ಇಮ್ತಿಯಾಜ್ ನಗಲಿಲ್ಲ. ಡಬ್ಬಿ ಮುಚ್ಚಿ ಕೈ ತೊಳೆಯಲು ಎದ್ದ. ಅವನ ತಂದೆಯೂ ಬಟ್ಟೆ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿದವರು. ವಾರದ ನಂತರ ಬಂದು, "ಮೊದಲಿಂದ ಆಡ್ತಾ ಇದೀನಿ ಗುರು. ಎದ್ದಿರೋರನ್ನ ಬಿಡಲ್ಲ. ಮಲಗಿರೋರನ್ನ ಮುಟ್ಟಲ್ಲ. ಈಗ ಸ್ವಲ್ಪ ಮಜಾ ಬರ್ತಾ ಇದೆ" ಎಂದ.

ಕೊನೆಯ ಹಂತಕ್ಕೆ ಬಂದೆವು. ಬೆನ್ನಿನ ಮೇಲೆ ಗಂಟೆ. ಒಂದು ಹೆಜ್ಜೆ ಜೋರಾದರೆ ಗಂಟೆಯ ನಾಲಿಗೆ ಅಲ್ಲಾಡಿ ಇಡೀ ಕೋಟೆ ಎದ್ದುಬಿಡುತ್ತದೆ. ಚಿನ್ಮಯಿ ಸೋತಿದ್ದಳು, ಸುಮಾ ದೀಪವೆಲ್ಲ ಆರಿಸಿಯೂ ಸೋತಿದ್ದಳು. ಆಟ ನನ್ನ ಕೈಗೆ ಬಂತು. ಅಪ್ಪ ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡು, ಬರಿಗಾಲನ್ನು ನೆಲಕ್ಕೆ ಊರಿ ಕೂತರು. ಮುಷ್ಟಿ, ಅಂಗೈ, ಮುಷ್ಟಿ, ಬೆರಳು. ನಾನು ಉಂಗುರ ನೋಡುವುದನ್ನೂ ಬಿಟ್ಟು ಅವರ ಕೈಯನ್ನೇ ನೋಡಿಕೊಂಡು ನಡೆದೆ. ಅಂಗಳ ದಾಟಿತು, ಮೆಟ್ಟಿಲು ದಾಟಿತು, ಬಾಗಿಲು ದಾಟಿತು. ಹೊರಗೆ ಬಂದುಬಿಟ್ಟೆವು! ಊರಿನವರು ಗಂಟೆಯನ್ನು ಗೋಪುರಕ್ಕೆ ಕಟ್ಟಿ ಹಗ್ಗ ಎಳೆದರು. ನಮ್ಮ ಟಿವಿಯಲ್ಲಿ ಒಂದು ಚೂರೂ ಶಬ್ದವಿಲ್ಲ. ಗಂಟೆಯಿಂದ ಒಂದು ಉಂಗುರ ಎದ್ದಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಬಂಗಾರದ ಬಣ್ಣದ ಉಂಗುರಗಳು ಮನೆಗಳ ಮೇಲೆ, ಮರಗಳ ಮೇಲೆ, ಇಡೀ ಪರದೆಯ ತುಂಬ ಹರಡಿಕೊಂಡವು. ಚಿನ್ಮಯಿ ಎದ್ದು ಎರಡೂ ಕೈ ಮೇಲೆತ್ತಿ, ಬಾಯಿ ಅಷ್ಟಗಲ ತೆರೆದು, ಸದ್ದಿಲ್ಲದೆ ಕೂಗಿದಳು. ಅದನ್ನು ಅವಳಿಗೆ ಕಲಿಸಿದವನು ನಾನೇ.

ಅಪ್ಪ ಮಾತ್ರ ಉಂಗುರಗಳನ್ನೇ ನೋಡುತ್ತಿದ್ದರು. "ಆವಾಗ್ಲೂ ಹಿಂಗೆ ಕಾಣ್ಸಿದ್ರೆ ಚೆನ್ನಾಗಿರ್ತಿತ್ತು" ಎಂದರು.

ನಾನು ಅವರ ಎದುರಿಗೆ ಹೋಗಿ ಕೂತು, ತುಟಿ ಬಿಡಿಸಿ ಕೇಳಿದೆ. "ಯಾವಾಗಪ್ಪಾ?"

"ನೈಟ್ ಶಿಫ್ಟ್ ಮಾಡ್ತಿದ್ನಲ್ಲ, ಆವಾಗ. ಮನೆಗ್ ಬಂದು ಮಲಗಿದ್ರೂ ಕಿವೀಲಿ ಸುತ್ತಿಗೆ ಹೊಡೀತಾನೇ ಇರೋದು. ಬೇರೆ ಇನ್ನೇನೂ ಕೇಳಿಸ್ತಿರ್ಲಿಲ್ಲ."

ನನಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. "ಮತ್ತೆ ಟವೆಲ್ಲು? ನಾವೆಲ್ಲಾ ಬಾಯಿ ಮುಚ್ಕೊಂಡು ಇದ್ದಿದ್ದು?"

ಅಪ್ಪ ನಕ್ಕರು. "ನಿಮ್ಮಮ್ಮ ಅಷ್ಟ್ ಆಸೆಯಿಂದ ಕಟ್ತಿದ್ಲು ಕಣೋ. ಬೇಡ ಅಂತ ಹೆಂಗ್ ಹೇಳೋದು? ಅಲ್ದೆ ಕಿವಿ ಹೋಗಿದೆ ಅಂತ ಗೊತ್ತಾದ್ರೆ ಗಾಬರಿ ಆಗ್ತಿದ್ಲು. ಅವಳಿಗ್ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ."

ನಮ್ಮ ಬಾಲ್ಯವೆಲ್ಲ ಕಣ್ಣಮುಂದೆ ಸುಳಿಯಿತು. ಎಣ್ಣೆ ಹಚ್ಚಿದ ಚಿಲಕ, ಕಿರುಬೆರಳ ಮೇಲೆ ಇಳಿದ ಲೋಟಗಳು, ಹಿತ್ತಲಿನಲ್ಲಿ ಅತ್ತ ಅಳು, ಅರ್ಧಕ್ಕೆ ನುಂಗಿದ ಸೊಪ್ಪಿನವಳ ಕೂಗು. ಎಲ್ಲ ಒಬ್ಬ ಕೇಳಿಸದ ಮನುಷ್ಯನಿಗಾಗಿ! ನಗಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ. ಚಿನ್ಮಯಿ ಅಷ್ಟರಲ್ಲಿ ತಾತನ ಕಾಲ ಬಳಿ ಬಂದು ಕೂತಿದ್ದಳು. ಅವರ ಮುಖ ತನ್ನ ಕಡೆ ತಿರುಗಿಸಿಕೊಂಡು ಕೇಳಿದಳು. "ಹಂಗಾದ್ರ್ ಮನೇಲಿ ಯಾರ್ಯಾರ್ ಇದಾರೆ ಅಂತಾನೂ ನಿಮ್ಗೆ ಗೊತ್ತಾಗ್ತಿರ್ಲಿಲ್ವಾ ತಾತ?"

"ಗೊತ್ತಾಗೋದು" ಎಂದು ಅಪ್ಪ ಅಂಗಾಲಿನಿಂದ ನೆಲ ತಟ್ಟಿದರು. "ನೆಲದ್ ಮೇಲೆ ಮಲಗ್ತಿದ್ನಲ್ಲ, ಬೆನ್ನಿಗ್ ಗೊತ್ತಾಗೋದು. ಗೀತಾ ಬಂದ್ರೆ ಚಾಪೆನೇ ಅದುರೋದು. ನಿಮ್ಮಜ್ಜೀದು ಮೆತ್ತಗೆ, ಆದ್ರೂ ಗೊತ್ತಾಗೋದು. ಅವಳು ಓಡಾಡ್ತಿದ್ರೆ ನಂಗೆ ಚೆನ್ನಾಗ್ ನಿದ್ದೆ ಬರೋದು." ಆಮೇಲೆ ನನ್ನ ಕಡೆ ತಿರುಗಿದರು. "ಇವನೊಬ್ಬ ಗೊತ್ತಾಗ್ತಿರ್ಲಿಲ್ಲ. ಸ್ಕೂಲಿಂದ ಬಂದಿದಾನೋ, ಬಂದಿಲ್ವೋ, ಎಲ್ ಹೋದ್ನೋ. ಅದಕ್ಕೇ ಎಚ್ಚರ ಆಗ್ಬಿಡೋದು. ಕಣ್ ಬಿಟ್ಟು ನೋಡ್ತಿದ್ದೆ. ಕೊಕ್ಕರೆ ಹಂಗೆ ಒಂಟಿ ಕಾಲಲ್ಲಿ ನಿಂತಿರ್ತಿದ್ದ. ಸದ್ಯ, ಇದಾನಲ್ಲ ಅಂತ ಮತ್ತೆ ಮಲಗ್ತಿದ್ದೆ."

ಕೇಳಿದಿರಲ್ಲ ನನ್ನ ಚಾಂಪಿಯನ್‌ಗಿರಿಯನ್ನು? ಇಡೀ ಕಾಲೊನಿಯಲ್ಲಿ ನಮ್ಮಪ್ಪನ ನಿದ್ದೆ ಕೆಡಿಸುತ್ತಿದ್ದವನು ನಾನೊಬ್ಬನೇ.

ಕಣ್ಣು ತುಂಬಿಬಂತು. ಮಗಳ ಮುಂದೆ ಅಳುವುದು ಬೇಡವೆಂದು ನೀರು ತರುವ ನೆಪ ಮಾಡಿ ಎದ್ದೆ. ಹಿತ್ತಲಿಲ್ಲದ ಮನೆ, ಅಡುಗೆಮನೆಗೇ ಹೋದೆ. ಅಲ್ಲಿ ಸುಮಾ ಲೋಟ ಕೈಗಿಟ್ಟಳು. ಒಂದು ಗುಟುಕು ಕುಡಿದೆ. ಹಾಲಿನ ಕಡೆ ನೋಡಿದೆ. ಅಪ್ಪ ಅಡುಗೆಮನೆಗೆ ಬೆನ್ನು ಹಾಕಿ, ಬರಿಗಾಲನ್ನು ನೆಲಕ್ಕೆ ಊರಿಕೊಂಡು, ಪರದೆಯ ಮೇಲೆ ಇನ್ನೂ ಹರಡುತ್ತಿದ್ದ ಉಂಗುರಗಳನ್ನು ನೋಡುತ್ತ ಕೂತಿದ್ದರು.

ನಾನು ಹೊರಟೆ. ಅಂಗಾಲಿನ ಅಂಚಲ್ಲ, ಹಿಮ್ಮಡಿ ಮೊದಲು. ಧಡ್ ಎಂದು ಒಂದು ಹೆಜ್ಜೆ. ಗೀತಕ್ಕನೂ ನಾಚಿಕೊಳ್ಳಬೇಕು, ಹಾಗೆ ಇನ್ನೊಂದು. ಐವತ್ತು ದಾಟಿದ ಗಂಡಸು ಸ್ವಂತ ಮನೆಯಲ್ಲಿ ಆನೆಯ ಹಾಗೆ ನಡೆದೆ. ಶೋಕೇಸಿನ ಗಾಜು ಅದುರಿತು. ಹೆಬ್ಬೆರಳಿನ ಚಾಳಿ ಹೋಗುತ್ತದೋ ಇಲ್ಲವೋ ತಿಳಿಯದು, ಕಾಲಿನ ಚಾಳಿಯಂತೂ ಅವತ್ತೇ ಹೋಯಿತು.

ಅಪ್ಪ ತಿರುಗಿ ನೋಡಲಿಲ್ಲ. ಕೈ ಮಾತ್ರ ಮೇಲೆ ಬಂತು. ಬೆರಳು ಮಡಿಸಿ, "ಬಾ" ಎಂದರು.

ನಾನು ಅವರ ಪಕ್ಕ ಕೂರುವುದಕ್ಕೂ ಇಂಟರ್‌ಕಾಮ್ ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಕೆಳಗಿನ ಮನೆಯ ಮೇಡಂ. ಮೇಲೆ ಏನೋ ಬಿದ್ದಂತಾಯಿತು, ಎಲ್ಲರೂ ಚೆನ್ನಾಗಿದ್ದೀರಾ ಎಂದು ಗಾಬರಿಯಿಂದ ಕೇಳಿದರಂತೆ. ಸುಮಾ ನಮ್ಮಿಬ್ಬರನ್ನೂ ನೋಡಿಕೊಂಡೇ ಉತ್ತರ ಕೊಟ್ಟಳು.

"ಏನೂ ಬಿದ್ದಿಲ್ಲ ಮೇಡಂ. ನಮ್ಮನೆಯವ್ರು ಮನೇಲಿದಾರೆ, ಅಷ್ಟೇ."